ಅವ್ವನ ಹುಳಕ್ಕೆ ಸೊಪ್ಪು ಹಾಕಿದವರಿಗೆ

ಅವ್ವನ ತಿಥಿ ಮುಗಿದು ಇವತ್ತಿಗೆ ನಾಲ್ಕು ದಿನ. ಫೋನ್ ಮಾಡಿದವರಿಗೆಲ್ಲ ವಾಪಸ್ ಮಾಡೋಕೆ ಆಗಿಲ್ಲ, ಮೆಸೇಜುಗಳಿಗೂ ಉತ್ತರ ಕೊಟ್ಟಿಲ್ಲ. ಬೇಜಾರು ಮಾಡ್ಕೋಬೇಡಿ. ಎಲ್ಲರಿಗೂ ಸೇರಿಸಿ ಒಂದು ಧನ್ಯವಾದ ಹಾಕಿ ಮುಗಿಸಬಹುದಿತ್ತು. ಆದರೆ ಯಾರು ಏನು ಮಾಡಿದರು ಅಂತ ಲೆಕ್ಕ ಒಪ್ಪಿಸದೆ ಬಿಟ್ಟರೆ ಅವ್ವ ಬೈತಾಳೆ.

ಮೊದಲು ನಮ್ಮೂರಿನವರಿಗೆ. ಅವ್ವ ಹೋದ ರಾತ್ರಿ ನಮ್ಮ ಹುಳದ ಮನೆಯಲ್ಲಿ 150 ಮೊಟ್ಟೆ ಹುಳ (ಒಂದು ಚಿಟ್ಟೆ ಇಟ್ಟ ಮೊಟ್ಟೆಗಳನ್ನೆಲ್ಲ ಸೇರಿಸಿ ನಾವು ಒಂದು ಮೊಟ್ಟೆ ಅಂತೀವಿ) ನಾಲ್ಕನೇ ಜ್ವರ ಎದ್ದು ಒಂದು ದಿನ ಆಗಿತ್ತು. ರೇಷ್ಮೆ ಗೊತ್ತಿಲ್ಲದವರಿಗೆ ಹೇಳ್ತೀನಿ, ಹುಳ ಪೊರೆ ಬಿಡೋದಕ್ಕೆ ನಾವು ಜ್ವರ ಅಂತೀವಿ. ಜ್ವರಕ್ಕೆ ಕೂತಾಗ ಹುಳ ತಲೆ ಎತ್ತಿಕೊಂಡು ಸುಮ್ನೆ ಇರುತ್ತೆ, ಹಿಪ್ಪುನೇರಳೆ ಸೊಪ್ಪು ಮುಟ್ಟಲ್ಲ. ನಾಲ್ಕನೇ ಜ್ವರ ಎದ್ದ ಮೇಲೆ ಮಾತ್ರ ಹಸಿವು ಅಂದ್ರೆ ಹಸಿವು. ಜೀವಮಾನದಲ್ಲಿ ತಿನ್ನೋ ಸೊಪ್ಪಿನಲ್ಲಿ 100ಕ್ಕೆ 80 ಪಾಲಿಗಿಂತ ಜಾಸ್ತಿ ಆ ಆರೇಳು ದಿನದಲ್ಲೇ ತಿಂದು ಮುಗಿಸುತ್ತೆ. ಸಾವಿನ ಮನೆ, ಸ್ವಲ್ಪ ತಡೆ ಅಂದ್ರೆ ಅದು ಕೇಳಲ್ಲ.

ನಾವು ಅಂಗಳದಲ್ಲಿ ಕೂತು ಅಳುತ್ತಿದ್ದಾಗ ಹಿತ್ತಿಲಲ್ಲಿ ಯಾರೋ ಸೊಪ್ಪು ಕೊಯ್ದು ತಂದು ಹಾಕಿದ್ದರು. ಎರಡನೇ ದಿನ ನೋಡಿದರೆ ಆರು ಮನೆಯವರು ಸರದಿ ಮಾಡಿಕೊಂಡಿದ್ದಾರೆ. ಹೊತ್ತಿಗೆ ಸರಿಯಾಗಿ ಮೇವು, ಕಸ ತೆಗೆಯೋದು, ಸುಣ್ಣ ಉದುರಿಸೋದು, ಎಲ್ಲ ಅವರದೇ. ಹುಳ ಹಣ್ಣಾದಾಗ, ಅಂದ್ರೆ ಗೂಡು ಕಟ್ಟೋಕೆ ತಯಾರಾದಾಗ, ಆಯ್ದು ಬಿಡೋಕೆ ತಮ್ಮ ಮನೆಯ ಚಂದ್ರಿಕೆಗಳನ್ನೂ (ಹುಳ ಗೂಡು ಕಟ್ಟೋ ತಟ್ಟೆಗಳು) ತಂದು ಕೊಟ್ಟರು. ಅವರಲ್ಲೊಬ್ಬ ಅಕ್ಕನಿಗೂ ಅವ್ವನಿಗೂ ಬದುವಿನ ಜಗಳದಿಂದ ಹನ್ನೆರಡು ವರ್ಷ ಮಾತಿರಲಿಲ್ಲ. ಅವರು ದಿನಾ ಬೆಳಗಿನ ಜಾವ ಬರೋರು, ಯಾರನ್ನೂ ಮಾತಾಡಿಸದೆ ಸೊಪ್ಪು ಹಾಕಿ ಹೋಗೋರು. ಈಗಲೂ ನಮ್ಮ ಹತ್ತಿರ ಮಾತಾಡಲ್ಲ. ಅಕ್ಕಾ, ನಿಮಗೆ ಕೈ ಮುಗಿತೀನಿ.

ಅಪ್ಪ ತೀರಿಕೊಂಡಾಗ ನನಗೆ ಒಂಬತ್ತು, ಅಣ್ಣನಿಗೆ ಹದಿಮೂರು. ಒಂದೂವರೆ ಎಕರೆ ಸೊಪ್ಪಿನ ತೋಟ, ಸಾಲ. ಮಾರಿಬಿಟ್ಟು ತವರಿಗೆ ಹೋಗು ಅಂದರು ಹಿರಿಯರು. ಅವ್ವ ಮುಂದಿನ ಬೆಳೆ ಎದ್ದ ದಿನ ತಾನೇ ಗೂಡಿನ ಚೀಲ ಹೇರಿಸಿಕೊಂಡು ಬೆಳಗಿನ ಬಸ್ಸಿಗೆ ರಾಮನಗರದ ಮಾರ್ಕೆಟ್ಟಿಗೆ ಹೋದಳು. ಏಷ್ಯಾದಲ್ಲೇ ದೊಡ್ಡದು ಅಂತಾರಲ್ಲ, ಅದೇ. ಆ ಗಲಾಟೆಯಲ್ಲಿ ಹರಾಜಿಗೆ ನಿಂತ ಹೆಂಗಸರು ಎಷ್ಟಿದ್ದರೋ, ನನಗೆ ಕಂಡಿದ್ದು ಇವಳೊಬ್ಬಳೇ. ಗೂಡು ಕೊಂಡು ನೂಲು ತೆಗೆಯೋ ರೀಲರ್ ಒಬ್ಬ ಗೂಡು ಹಿಡಿದು ಕಿವಿ ಹತ್ತಿರ ಅಲ್ಲಾಡಿಸಿ ಒಂದು ರೇಟ್ ಹೇಳಿದ. ಅವ್ವ ಕೊಡಲ್ಲ ಅಂದಳು. ಅವನು ನಕ್ಕ. ಇವಳು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಗೂಡಿನ ಪಕ್ಕದಲ್ಲೇ ಕೂತುಬಿಟ್ಟಳು. ಮೊದಲ ರೇಟಿಗೆ ಅವ್ವ ಯಾವತ್ತೂ ಒಪ್ಪಿದವಳಲ್ಲ. ಆಮೇಲೆ ಚೀನಾ ರೇಷ್ಮೆ ಬಂದು ರೇಟ್ ಬಿದ್ದು ಎಷ್ಟೋ ಜನ ಗಿಡ ಕಿತ್ತು ಹಾಕಿದಾಗಲೂ ಅವಳು ಕೀಳಲಿಲ್ಲ.

ಮೇಯೋ ಹುಳದ ಸದ್ದು ಮಳೆ ಬಂದ ಹಾಗಿರುತ್ತೆ ಅಂತ ಎಲ್ಲರೂ ಬರೀತಾರೆ. ನನಗೆ ನೆನಪಿರೋದು ಅವ್ವ ಹುಳದ ಮನೆ ಬಾಗಿಲಲ್ಲಿ ನಿಂತು ನಮ್ಮನ್ನು ಮೂಸೋದು. ಹುಳಕ್ಕೆ ಆಗಲ್ಲ ಅಂತ, ಪೌಡರ್ ಹಾಕಿದ್ರೆ ಒಳಗೆ ಬಿಡ್ತಿರಲಿಲ್ಲ. ನನ್ನ ಮಗ ಬೆಂಗಳೂರಿಂದ ಸೊಳ್ಳೆ ಮುಲಾಮು ಸವರಿಕೊಂಡು ಬಂದಾಗ ರಟ್ಟೆ ಹಿಡಿದು ತೊಟ್ಟಿ ಹತ್ತಿರ ಕರ್ಕೊಂಡು ಹೋಗಿ ಸೋಪು ಹಾಕಿ ಉಜ್ಜಿದಳು. ಅವನು ಅಳು. ಆಮೇಲೆ ಅಂಗೈ ಮೇಲೆ ಒಂದು ಹಣ್ಣಾದ ಹುಳ ಬಿಟ್ಟಳು. ತಿಥಿ ದಿನ ಅವನು ಒಳಗೆ ಹೋಗೋ ಮುಂಚೆ ತಾನಾಗೇ ಕೈ ತೊಳ್ಕೊಂಡ, ನಾನು ನೋಡಿದೆ.

ಕಿಡ್ನಿ ಕೈ ಕೊಟ್ಟಾಗ ತೋಟ ಗುತ್ತಿಗೆಗೆ ಕೊಟ್ಟು ನಮ್ಮನೆಗೆ ಬಾ ಅಂತ ಹಠ ಹಿಡಿದವಳು ನಾನು. ಬಂದಳು, ಒಂಬತ್ತು ದಿನ ಇದ್ದಳು, ಹೋದಳು. ಸಿಟ್ಟಿನಲ್ಲಿ ನಾನು ಎರಡು ತಿಂಗಳು ಊರಿಗೇ ಹೋಗಲಿಲ್ಲ. ಆ ಎರಡು ತಿಂಗಳು ಈಗ ಚುಚ್ಚುತ್ತೆ. ವಾರಕ್ಕೆ ಎರಡು ಸಲ, ಒಂದು ಸಲಕ್ಕೆ ನಾಲ್ಕು ಗಂಟೆ ಡಯಾಲಿಸಿಸ್. ತಾಲ್ಲೂಕು ಆಸ್ಪತ್ರೆಯ ಆ ಹುಡುಗರು, ಹುಡುಗಿಯರು ಅವಳ ಬೈಗುಳ ಎಲ್ಲ ಕೇಳಿಸಿಕೊಂಡು ನಗ್ತಾ ಸೂಜಿ ಹಾಕೋರು. ಕರ್ಕೊಂಡು ಹೋಗ್ತಿದ್ದ ಆಟೋ ಅಣ್ಣ ನಾಲ್ಕು ಗಂಟೆಯೂ ಹೊರಗೆ ಕಾಯೋರು, ಕಾದಿದ್ದಕ್ಕೆ ಒಂದು ರೂಪಾಯಿ ಕೇಳಿದವರಲ್ಲ. ಕೊನೆಯ ವಾರ ನಾನು ಗಂಜಿ ಹಿಡಿದು ಕಾಡುತ್ತಿದ್ದಾಗ ಅವ್ವ ಕಣ್ಣು ಮುಚ್ಚಿಕೊಂಡೇ, 'ಜ್ವರಕ್ಕೆ ಕೂತಿದ್ದೀನಿ ಕಣೇ, ಸೊಪ್ಪು ಹಾಕ್ಬೇಡ' ಅಂದಳು. ಪಕ್ಕದ ಬೆಡ್ಡಿನವರಿಗೆ ಅರ್ಥ ಆಗಲಿಲ್ಲ. ನಾನು ಬಟ್ಟಲು ಕೆಳಗಿಟ್ಟೆ.

ಇನ್ನೊಂದು ಧನ್ಯವಾದ ಕಣ್ಣಿನ ಬ್ಯಾಂಕಿನವರಿಗೆ. 2021ರ ಅಕ್ಟೋಬರಿನಲ್ಲಿ ಅಪ್ಪು ಹೋದಾಗ, ಅವರ ಕಣ್ಣಿಂದ ನಾಲ್ಕು ಜನಕ್ಕೆ ದೃಷ್ಟಿ ಬಂತು ಅಂತ ಟೀವಿಯಲ್ಲಿ ನೋಡಿ ಅವ್ವ ಅವತ್ತೇ ತೀರ್ಮಾನ ಮಾಡಿದ್ದಳು. ಪೊರೆ ಆಪರೇಷನ್ ಆದ ಮುದುಕಿ ಕಣ್ಣು ಯಾರಿಗೆ ಬೇಕು ಅಂತ ನೆಂಟರು ಅಂದರು. ಆಪರೇಷನ್ ಆಗಿದ್ದರೂ ಪರವಾಗಿಲ್ಲ, ಜೀವ ಹೋದ ಆರು ತಾಸಿನೊಳಗೆ ಕಣ್ಣು ತೆಗೀಬೇಕು, ತಕ್ಷಣ ತಿಳಿಸಿ ಅಂದರು ಬ್ಯಾಂಕಿನವರು ಫೋನಿನಲ್ಲಿ. ರೆಪ್ಪೆ ಮುಚ್ಚಿ ಒದ್ದೆ ಹತ್ತಿ ಇಡಿ, ತಲೆ ಸ್ವಲ್ಪ ಎತ್ತರ ಇರಲಿ, ಫ್ಯಾನ್ ಆರಿಸಿ ಅಂತಲೂ ಹೇಳಿಕೊಟ್ಟರು. ಅಣ್ಣ ಫ್ಯಾನ್ ಆರಿಸಿ ಪಕ್ಕದಲ್ಲೇ ಬೆವರುತ್ತಾ ಕೂತಿದ್ದ. ಬೆಳಕು ಹರಿಯೋ ಮುಂಚೆ ಬಂದರು, ಇಪ್ಪತ್ತು ನಿಮಿಷದಲ್ಲಿ ಕೆಲಸ ಮುಗಿಸಿ, ಅವ್ವನಿಗೆ ಕೈ ಮುಗಿದು ಹೋದರು. ಮುಖ ಇದ್ದ ಹಾಗೇ ಇತ್ತು.

ಮೊನ್ನೆ ಗೂಡು ಬಿಡಿಸಿ ಮಾರ್ಕೆಟ್ಟಿಗೆ ಹಾಕಿದ್ದಾಯಿತು, 103 ಕೆಜಿ. ಈಗ ಹರಾಜೆಲ್ಲ ಮೊಬೈಲಿನಲ್ಲಿ. ರೇಟ್ ಬಂದಿದ್ದು ಅವ್ವನ ನಂಬರಿಗೆ. ಅಣ್ಣ ಆ ಫೋನ್ ಹಿಡಿದುಕೊಂಡು ತುಂಬಾ ಹೊತ್ತು ನಿಂತಿದ್ದ. ಆಮೇಲೆ ಮೊದಲ ರೇಟಿಗೇ ಹೂಂ ಅಂದುಬಿಟ್ಟ.