ಸಿನಿಮಾ ಆದ ಕಾದಂಬರಿಗಳನ್ನು ಪೂರ್ತಿಯಾಗಿ ಓದಿಸಿ

ಮಾನ್ಯರೇ,

ಕಾದಂಬರಿಗಾರ್ತಿ ತ್ರಿವೇಣಿ ಅವರು ತೀರಿಕೊಂಡದ್ದು 1963ರಲ್ಲಿ. ಲೇಖಕರು ತೀರಿಕೊಂಡ ಮರುವರ್ಷದ ಜನವರಿಯಿಂದ 60 ವರ್ಷ ಕೃತಿಸ್ವಾಮ್ಯ (ಕಾಪಿರೈಟ್) ಉಳಿಯುತ್ತದೆ ಎನ್ನುವುದು ನಮ್ಮ ಕಾಯ್ದೆಯ ಲೆಕ್ಕ. ಅಂದರೆ ಅವರು ಬದುಕಿದ್ದಾಗ ಅಚ್ಚಾದ ಕಾದಂಬರಿಗಳು 2024ರ ಜನವರಿ 1ರಿಂದ ಎಲ್ಲರಿಗೂ ಮುಕ್ತ. ‘ಬೆಳ್ಳಿಮೋಡ’, ‘ಹಣ್ಣೆಲೆ ಚಿಗುರಿದಾಗ’, ‘ಶರಪಂಜರ’, ‘ಹೂವು ಹಣ್ಣು’ ಮುಂತಾದವು ಸಿನಿಮಾ ಆಗಿ ಮನೆಮಾತಾದ ಹೆಸರುಗಳು. ಆ ಹೆಸರಿನ ಬಲದಿಂದಲೇ ಆಡಿಯೊ ಪುಸ್ತಕ ಮಾಡಲು ಹೊರಡುವವರು ಇನ್ನು ಮುಂದೆ ಹೆಚ್ಚುತ್ತಾರೆ. ಒಳ್ಳೆಯದೇ. ಆದರೆ ಕೇಳುಗರ ಕೈಗೆ ಬರುವುದು ತ್ರಿವೇಣಿಯವರ ಕಾದಂಬರಿಯೋ, ಸಿನಿಮಾ ನೆನಪಿನಲ್ಲಿ ಕತ್ತರಿಸಿ ಹೊಲಿದ ಕಥೆಯೋ ಎಂಬುದು ಈಗಲೇ ತೀರ್ಮಾನವಾಗಬೇಕು. ಈ ಕೆಲಸ ಬಲ್ಲವರಾಗಿ ಕೆಲವು ವಿಷಯಗಳನ್ನು ಪ್ರಕಾಶಕರ, ಓದುವವರ ಹಾಗೂ ಕೇಳುವವರ ಗಮನಕ್ಕೆ ತರುತ್ತಿದ್ದೇವೆ.

ಮೊದಲಿಗೆ ಹಕ್ಕಿನ ಮಾತು. ಲೇಖಕರು ತೀರಿಕೊಂಡ ಮೇಲೆ ಮೊದಲ ಸಲ ಅಚ್ಚಾದ ಕೃತಿಗೆ 60 ವರ್ಷದ ಲೆಕ್ಕ ಶುರುವಾಗುವುದು ಅಚ್ಚಾದ ವರ್ಷದಿಂದ, ತೀರಿಕೊಂಡ ವರ್ಷದಿಂದ ಅಲ್ಲ. ಆದ್ದರಿಂದ ಒಂದೊಂದು ಕಾದಂಬರಿಯ ಮೊದಲ ಮುದ್ರಣದ ವರ್ಷವನ್ನೂ ಬೇರೆ ಬೇರೆಯಾಗಿಯೇ ನೋಡಬೇಕು. ನಂತರದ ಮುದ್ರಣಗಳಿಗೆ ಬೇರೆಯವರು ಬರೆದ ಮುನ್ನುಡಿ, ಮುಖಪುಟದ ಚಿತ್ರ ಇವುಗಳ ಹಕ್ಕು ಆಯಾ ಬರೆದವರದು, ಬಿಡಿಸಿದವರದು. ಕಾದಂಬರಿ ಮುಕ್ತವಾಯಿತೆಂದು ಮುನ್ನುಡಿಯನ್ನೂ ಸೇರಿಸಿ ಓದುವಂತಿಲ್ಲ.

ಸಿನಿಮಾದ ಲೆಕ್ಕವೇ ಬೇರೆ. ‘ಬೆಳ್ಳಿಮೋಡ’ ಚಿತ್ರವನ್ನು ಪುಟ್ಟಣ್ಣ ಕಣಗಾಲ್ ತೆರೆಗೆ ತಂದದ್ದು 1967ರಲ್ಲಿ. ಚಿತ್ರದ ಹಕ್ಕು 2027ರ ಕೊನೆಯವರೆಗೆ ಇರುತ್ತದೆ. ಅದರಲ್ಲಿ ಬರುವ ‘ಮೂಡಲ ಮನೆಯ’ ಹಾಡು ಬೇಂದ್ರೆಯವರ ಕವಿತೆ; ಬೇಂದ್ರೆ ತೀರಿಕೊಂಡದ್ದು 1981ರಲ್ಲಿ, ಹಾಗಾಗಿ ಕವಿತೆಯ ಹಕ್ಕು 2041ರ ಕೊನೆಯವರೆಗೆ. ಒಂದೇ ಕಥೆಯ ಸುತ್ತ ಮೂರು ಬೇರೆ ಬೇರೆ ಅವಧಿಗಳು. ಅಧ್ಯಾಯದ ಕೊನೆಗೆ ಹಾಡಿನ ತುಣುಕು ಸೇರಿಸಿದರೆ ಚೆನ್ನಾಗಿರುತ್ತದೆ, ಮುಖಪುಟಕ್ಕೆ ಕಲ್ಪನಾ ಅವರ ಚಿತ್ರದ ಸ್ಟಿಲ್ ಹಾಕಿದರೆ ಹೆಚ್ಚು ಜನ ಒತ್ತುತ್ತಾರೆ ಎಂಬ ಆಸೆ ಸಹಜ. ಎರಡಕ್ಕೂ ಅನುಮತಿ ಬೇಕು.

ಇನ್ನೂ ಹಕ್ಕಿನಲ್ಲಿರುವ ಕಾದಂಬರಿಗಳೇ ಹೆಚ್ಚು. ತ.ರಾ.ಸು. ತೀರಿಕೊಂಡದ್ದು 1984ರಲ್ಲಿ, ಕುವೆಂಪು 1994ರಲ್ಲಿ, ಕಾರಂತರು 1997ರಲ್ಲಿ. ಇಲ್ಲಿ ವಾರಸುದಾರರ ಒಪ್ಪಿಗೆ ಬರವಣಿಗೆಯಲ್ಲಿ ಬೇಕು. ಸಿನಿಮಾ ಮಾಡಿದ ನಿರ್ಮಾಪಕರ ಒಪ್ಪಿಗೆ ಸಿಕ್ಕಿತೆಂದು ಕೆಲಸ ಶುರು ಮಾಡುವವರಿದ್ದಾರೆ. ಕಾದಂಬರಿಯನ್ನು ಚಿತ್ರವಾಗಿಸುವ ಹಕ್ಕು ಪಡೆದವರಿಗೆ ಅದನ್ನು ಓದಿ ಧ್ವನಿಮುದ್ರಿಸುವ ಹಕ್ಕು ತಾನಾಗಿ ಬರುವುದಿಲ್ಲ. ಒಪ್ಪಿಗೆ ಪತ್ರದಲ್ಲಿ ಅವಧಿ ಬರೆಯದಿದ್ದರೆ ಕಾಯ್ದೆ ಅದನ್ನು ಐದೇ ವರ್ಷವೆಂದು ತಿಳಿಯುತ್ತದೆ. ಯಾವ ಪ್ರದೇಶಕ್ಕೆ ಎಂದು ಬರೆಯದಿದ್ದರೆ ಭಾರತಕ್ಕೆ ಮಾತ್ರ. ಕನ್ನಡದ ಆಡಿಯೊ ಪುಸ್ತಕ ಕೇಳುವವರಲ್ಲಿ ಅಮೆರಿಕದಲ್ಲಿ, ಕೊಲ್ಲಿ ನಾಡುಗಳಲ್ಲಿ ಇರುವವರೂ ಇದ್ದಾರೆ. ‘ಜಗತ್ತಿನಾದ್ಯಂತ’ ಎಂಬ ಒಂದು ಪದ ಪತ್ರದಲ್ಲಿ ಇಲ್ಲದಿದ್ದರೆ ಅವರಿಗೆ ಆ ಪುಸ್ತಕ ತಲುಪಿಸುವಂತಿಲ್ಲ.

ಇನ್ನು ಪಠ್ಯ. ಪುಟ್ಟಣ್ಣನವರ 1972ರ ‘ನಾಗರಹಾವು’ ಚಿತ್ರ ತ.ರಾ.ಸು. ಅವರ ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’ ಎಂಬ ಮೂರು ಕಾದಂಬರಿಗಳನ್ನು ಕೂಡಿಸಿ ಮಾಡಿದ್ದು. ಮೊದಲನೆಯದನ್ನು ಮಾತ್ರ ಓದಿಸಿ ಚಿತ್ರದ ಹೆಸರಿನಲ್ಲಿ ಮಾರಿದರೆ, ನಾಯಕ ರಾಮಾಚಾರಿಯ ಪೂರ್ತಿ ಕಥೆ ಸಿಕ್ಕೀತೆಂದು ಕೊಂಡವರಿಗೆ ಮೋಸವಾಗುತ್ತದೆ. ಮೂರನ್ನೂ ಓದಿಸಬೇಕು, ಇಲ್ಲವೇ ಇದು ಮೊದಲ ಕಾದಂಬರಿ ಮಾತ್ರ ಎಂದು ಮುಖಪುಟದಲ್ಲೇ ಹೇಳಬೇಕು. ಸಿನಿಮಾದಲ್ಲಿ ಇಲ್ಲದ ಪಾತ್ರ, ಬೇರೆಯಾದ ಕೊನೆ ಕಂಡರೆ ಕೇಳುಗರು ಗೊಂದಲಗೊಳ್ಳುತ್ತಾರೆಂದು ಪಠ್ಯವನ್ನು ತಿದ್ದುವುದಂತೂ ತೀರಾ ಕೆಟ್ಟ ಅಭ್ಯಾಸ. ಆಕಾಶವಾಣಿಯ ರೇಡಿಯೊ ನಾಟಕ ಒಂದು ಸ್ವತಂತ್ರ ಕಲೆ, ಅದಕ್ಕೆ ದೊಡ್ಡ ಪರಂಪರೆಯೇ ಇದೆ. ನಾಟಕ ಮಾಡುವುದಾದರೆ ನಾಟಕವೆಂದೇ ಕರೆಯಲಿ.

ಕೇಳುಗರಿಗೆ ಒಂದು ಸುಲಭ ಪರೀಕ್ಷೆ. ಸಾಮಾನ್ಯ ಅಳತೆಯ ಅಚ್ಚಿನ ಪುಟವನ್ನು ಅವಸರವಿಲ್ಲದೆ ಓದಲು ಎರಡೂವರೆ ನಿಮಿಷ ಹಿಡಿಯಿತೆಂದುಕೊಳ್ಳಿ. 200 ಪುಟದ ಕಾದಂಬರಿಗೆ 500 ನಿಮಿಷ, ಅಂದರೆ ಎಂಟು ಗಂಟೆಗೂ ತುಸು ಹೆಚ್ಚು. ಅಂಥ ಕಾದಂಬರಿಯ ‘ಪೂರ್ಣ’ ಆಡಿಯೊ ಎರಡೂವರೆ ಗಂಟೆಯಲ್ಲಿ ಮುಗಿದರೆ ಮೂರನೇ ಎರಡು ಪಾಲಿಗೂ ಹೆಚ್ಚು ಹೋಗಿದೆ ಎಂದೇ ಅರ್ಥ. ಪ್ರಕಾಶಕರೂ ಇದೇ ಲೆಕ್ಕದಿಂದ ಖರ್ಚು ಅಂದಾಜು ಮಾಡಬೇಕು: ಸಿದ್ಧವಾದ ಒಂದು ಗಂಟೆಗೆ ಓದಲು ಎರಡು ಗಂಟೆ, ಎಡಿಟಿಂಗ್‌ಗೆ ಮೂರು, ಪುಸ್ತಕ ಹಿಡಿದು ಸಾಲು ಸಾಲು ಪರಿಶೀಲಿಸಲು ಒಂದು ಗಂಟೆಗಿಂತ ಹೆಚ್ಚು. ಎಂಟು ಗಂಟೆಯ ಪುಸ್ತಕಕ್ಕೆ ಐವತ್ತು ಗಂಟೆ ದುಡಿಮೆ. ಇದನ್ನು ಮೊದಲೇ ಲೆಕ್ಕ ಹಾಕದವರು ಪರಿಶೀಲನೆಯನ್ನು ಕೈಬಿಡುತ್ತಾರೆ. ತಪ್ಪುಗಳು ಉಳಿಯುವುದು ಅಲ್ಲೇ.

ಓದುವವರ ವಿಷಯಕ್ಕೆ ಬಂದರೆ, ಕನ್ನಡದ್ದೇ ಆದ ಒಂದು ತೊಡಕಿದೆ. ನಮ್ಮ ವಾಕ್ಯದಲ್ಲಿ ಯಾರು ಹೇಳಿದರು, ಹೇಗೆ ಹೇಳಿದರು ಎಂಬುದು ಕೊನೆಗೆ ಬರುತ್ತದೆ. ‘“ನೀವು ಬಾರದಿದ್ದರೂ ನಾನು ಹೋಗುತ್ತೇನೆ” ಎಂದು ಅವಳು ಪಿಸುಗುಟ್ಟಿದಳು’ ಎಂಬ ಸಾಲನ್ನು ಮುಂಚೆ ನೋಡದೆ ಓದಿದವರು ಮಾತನ್ನು ಗಟ್ಟಿಯಾಗಿ ಹೇಳಿ ಮುಗಿಸಿರುತ್ತಾರೆ. ‘ಪಿಸುಗುಟ್ಟಿದಳು’ ಕಣ್ಣಿಗೆ ಬೀಳುವುದು ಆಮೇಲೆ. ಅದಕ್ಕೇ ಮೈಕ್ ಮುಂದೆ ಕೂರುವ ಮೊದಲು ಇಡೀ ಪುಸ್ತಕವನ್ನು ಪೆನ್ಸಿಲ್ ಹಿಡಿದು ಓದಬೇಕು. ಪಾತ್ರಕ್ಕೊಂದು ಬಣ್ಣ, ಮಾತಿನ ಪಕ್ಕದ ಅಂಚಿನಲ್ಲಿ ‘ಮೆಲ್ಲಗೆ’, ‘ಅಳುತ್ತ’, ‘ನಗುತ್ತ’ ಎಂಬ ಗುರುತು, ಉದ್ದ ವಾಕ್ಯದಲ್ಲಿ ಉಸಿರು ತೆಗೆದುಕೊಳ್ಳುವ ಕಡೆ ಗೀಟು. ಊರು, ಮನೆತನ, ಇಂಗ್ಲಿಷ್ ಹೆಸರುಗಳ ಉಚ್ಚಾರಣೆಯ ಪಟ್ಟಿಯೂ ಬೇಕು. ಮೂರನೆಯ ಅಧ್ಯಾಯದಲ್ಲಿ ಒಂದು ಥರ, ಹದಿನೆಂಟರಲ್ಲಿ ಇನ್ನೊಂದು ಥರ ಆದರೆ ಕೇಳುಗರು ಹೊಸ ಪಾತ್ರ ಬಂತೆಂದು ತಿಳಿಯುತ್ತಾರೆ. ಹಕಾರ ಜಾರಿಸುವ ರೂಢಿಯಿರುವವರು ತುಂಬಾ ಎಚ್ಚರವಾಗಿರಬೇಕು. ‘ಹಾಡಿದಳು’ ಹೋಗಿ ‘ಆಡಿದಳು’ ಆದರೆ ಅರ್ಥವೇ ಬೇರೆ, ಕಿವಿಗೆ ಅಕ್ಷರ ಕಾಣುವುದಿಲ್ಲ.

ಸಿನಿಮಾ ನೋಡಿ ಮೈಕ್ ಮುಂದೆ ಓದುವವರಿಗೆ ಇನ್ನೂ ಒಂದು ಕಷ್ಟ. ಬಾಯಿ ತೆರೆದರೆ ನಟರ ಧಾಟಿ ಬರುತ್ತದೆ. ಹದಿನೈದು ನಿಮಿಷ ಅದು ರಂಜಿಸಬಹುದು, ಎಂಟು ಗಂಟೆ ತಡೆಯುವುದಿಲ್ಲ. ಒಪ್ಪಿಕೊಂಡ ಕೆಲಸ ಮುಗಿಯುವವರೆಗೆ ಆ ಚಿತ್ರ ನೋಡದಿರುವುದೇ ಒಳ್ಳೆಯದು. ಕಾದಂಬರಿಯನ್ನು ಹೇಳುತ್ತಿರುವವರು ಯಾರು ಎಂಬುದನ್ನೂ ಸಿನಿಮಾ ಮರೆಸಿಬಿಡುತ್ತದೆ. ‘ಮೂಕಜ್ಜಿಯ ಕನಸುಗಳು’ ಪಿ. ಶೇಷಾದ್ರಿಯವರ 2019ರ ಚಿತ್ರದಲ್ಲಿ ಬಿ. ಜಯಶ್ರೀ ಅವರ ಮುಖದಿಂದ ನೆನಪಿರುತ್ತದೆ. ಆದರೆ ಕಾರಂತರ ಪುಸ್ತಕದಲ್ಲಿ ಕಥೆ ಹೇಳುವವನು ಮೊಮ್ಮಗ ಸುಬ್ಬರಾಯ. ಅಜ್ಜಿಯ ಕಾದಂಬರಿ ಎಂದುಕೊಂಡು ವಯಸ್ಸಾದ ಹೆಣ್ಣು ದನಿಯಲ್ಲಿ ಆದ್ಯಂತ ಓದಿಸಿದರೆ ‘ನಾನು’ ಎನ್ನುವವರು ಯಾರೆಂದು ತಿಳಿಯದೆ ಹೋಗುತ್ತದೆ. ಅಲ್ಲಿ ಬೇಕಿರುವುದು ಸುಬ್ಬರಾಯನ ದನಿ. ಅಜ್ಜಿಯ ಮಾತು ಅವನ ಬಾಯಿಯಿಂದಲೇ ನಿಧಾನಗತಿಯಲ್ಲಿ ಬಂದರೆ ಸಾಕು.

ತ್ರಿವೇಣಿಯವರ ಕಾದಂಬರಿಗಳಲ್ಲಿ ಮನಸ್ಸಿನೊಳಗಿನ ಮಾತು ಪುಟಗಟ್ಟಲೆ ಬರುತ್ತದೆ. ಅವರು ಮನಶ್ಶಾಸ್ತ್ರ ಓದಿದವರು, ಅದೇ ಆ ಬರವಣಿಗೆಯ ಜೀವಾಳ. ತೆರೆಯ ಮೇಲೆ ಅದನ್ನು ಮುಖದ ಮೇಲೆ ತೋರಿಸಬಹುದು, ಆಡಿಯೊದಲ್ಲಿ ದನಿಯೊಂದೇ ಗತಿ. ಇಲ್ಲಿ ಎಕೋ ಹಾಕುವುದು ಹಳೆಯ ಸಿನಿಮಾದಿಂದ ಬಂದ ಚಟ. ಬದಲಿಗೆ ದನಿ ಸ್ವಲ್ಪ ತಗ್ಗಿಸಿ, ಮೈಕ್‌ಗೆ ಎರಡು ಬೆರಳಷ್ಟು ಹತ್ತಿರ ಬಂದು, ವೇಗ ತುಸು ಇಳಿಸಿ ಓದಿದರೆ ಹೊರಗಿನ ಮಾತಿಗೂ ಒಳಗಿನ ಮಾತಿಗೂ ವ್ಯತ್ಯಾಸ ತಾನಾಗಿ ತಿಳಿಯುತ್ತದೆ. ಕುವೆಂಪು ಅವರ ‘ಕಾನೂರು ಹೆಗ್ಗಡಿತಿ’ಯ ಮಲೆನಾಡ ಮಾತು, ಶ್ರೀಕೃಷ್ಣ ಆಲನಹಳ್ಳಿಯವರ ‘ಕಾಡು’, ‘ಪರಸಂಗದ ಗೆಂಡೆತಿಮ್ಮ’ಗಳ ಮೈಸೂರು ಸೀಮೆಯ ಹಳ್ಳಿ ಮಾತು ಆಯಾ ಕಡೆಯವರಿಂದಲೇ ಓದಿಸುವಂಥವು. ಅದು ಆಗದಿದ್ದರೆ ಆ ಊರ ಕಡೆಯವರೊಬ್ಬರು ಮೊದಲ ದಿನವಾದರೂ ಪಕ್ಕದಲ್ಲಿ ಕೂತು ತಿದ್ದಲಿ.

ಧ್ವನಿಮುದ್ರಣಕ್ಕೆ ದೊಡ್ಡ ಸ್ಟುಡಿಯೊ ಬೇಡ. ಬಟ್ಟೆ ತುಂಬಿದ ಬೀರು, ಗೋಡೆಗೆ ಒರಗಿಸಿದ ಹತ್ತಿ ಹಾಸಿಗೆ, ದಪ್ಪ ಪರದೆ ಇರುವ ಚಿಕ್ಕ ಕೋಣೆ ನಡೆಯುತ್ತದೆ. ಫ್ಯಾನ್, ಫ್ರಿಜ್, ಎ.ಸಿ. ಆರಿಸಿರಬೇಕು. ಮೈಕ್ ಬಾಯಿಗೆ ಒಂದು ಗೇಣು ದೂರ, ನೇರ ಎದುರಿಗಲ್ಲದೆ ತುಸು ಪಕ್ಕಕ್ಕೆ. ಇಲ್ಲದಿದ್ದರೆ ‘ಫ’, ‘ಭ’ ಬಂದಾಗಲೆಲ್ಲ ಗಾಳಿ ಬಡಿದು ಧಪ್ ಎನ್ನುತ್ತದೆ. ಮೈಕ್ ಮುಂದೆ ಗಾಳಿ ತಡೆಯುವ ಪರದೆ (ಪಾಪ್ ಫಿಲ್ಟರ್) ಇದ್ದರೂ ಈ ಕೋನ ಬಿಡಬಾರದು. ಪುಟ ತಿರುವುವ ಸದ್ದು ಬರದಂತೆ ಟ್ಯಾಬ್‌ನಲ್ಲಿ ಓದುವುದು ಲೇಸು. ಆದರೆ ಸ್ಕ್ಯಾನ್ ಮಾಡಿ ಯಂತ್ರದಿಂದ ಪಠ್ಯ ತೆಗೆದಿದ್ದರೆ ಒತ್ತಕ್ಷರ, ಅರ್ಕಾವತ್ತು ಕೆಟ್ಟಿರುತ್ತವೆ, ಮೂಲ ಪುಸ್ತಕದೊಂದಿಗೆ ಹೋಲಿಸಿಯೇ ಮುಂದುವರಿಯಬೇಕು. ಮೊನೊದಲ್ಲಿ, 44.1 ಕಿಲೊಹರ್ಟ್ಸ್, 24 ಬಿಟ್ ವೇವ್ (WAV) ಕಡತವಾಗಿ ಮುದ್ರಿಸಿ, ಅದನ್ನು ಹಾಗೇ ಕಾಪಿಡಿ. ಹೊರಗೆ ಕೊಡುವ ಪ್ರತಿಯನ್ನು ಮಾತ್ರ 192 ಕೆಬಿಪಿಎಸ್ ಎಂಪಿ3 ಮಾಡಿ. ಅಮೆಜಾನ್‌ನ ಆಡಿಯೊ ಪುಸ್ತಕ ವೇದಿಕೆ ಎಸಿಎಕ್ಸ್ (ACX) ಕೇಳುವ ಅಳತೆ ಕನ್ನಡಕ್ಕೂ ಒಳ್ಳೆಯ ಗುರಿ: ಸರಾಸರಿ ಮಟ್ಟ ಮೈನಸ್ 23ರಿಂದ ಮೈನಸ್ 18 ಡೆಸಿಬಲ್ ನಡುವೆ, ಅತಿ ಎತ್ತರದ ಸದ್ದು ಮೈನಸ್ 3ನ್ನು ಮೀರದಂತೆ, ಯಾರೂ ಮಾತಾಡದಾಗ ಕೋಣೆಯ ಸದ್ದು ಮೈನಸ್ 60ಕ್ಕಿಂತ ಕೆಳಗೆ.

ಗದ್ದಲದಲ್ಲಿ ಮುದ್ರಿಸಿ ಆಮೇಲೆ ಸಾಫ್ಟ್‌ವೇರ್‌ನಲ್ಲಿ ತೊಳೆದರಾಯಿತು ಎಂಬ ಲೆಕ್ಕಾಚಾರ ಫಲಿಸುವುದಿಲ್ಲ. ಗದ್ದಲ ಕಳೆಯುವ ಸಾಧನ ಅತಿಯಾದರೆ ‘ಸ’, ‘ಶ’, ‘ಷ’ಗಳ ಅಂಚು ಸವೆದು, ನೀರಿನೊಳಗಿಂದ ಮಾತಾಡಿದಂತೆ ಕೇಳುತ್ತದೆ. ದಿನಕ್ಕೆ ಎರಡು-ಮೂರು ಗಂಟೆಗಿಂತ ಹೆಚ್ಚು ಓದಿದರೆ ಗಂಟಲು ಒಣಗಿ ಬಾಯಿಯ ಚಿಟಿಚಿಟಿ ಸದ್ದು ಹೆಚ್ಚುತ್ತದೆ. ತಪ್ಪಿದ ಸಾಲನ್ನು ಇನ್ನೊಂದು ದಿನ ಮತ್ತೆ ಓದುವುದಾದರೆ ಹಿಂದೆ ಓದಿದ್ದ ಹೊತ್ತಿನಲ್ಲೇ ಕೂತು, ಅದರ ಹಿಂದಿನ ಅರ್ಧ ನಿಮಿಷ ಕೇಳಿ, ಅದೇ ದನಿಗೆ ಹೊಂದಿಸಿ ಓದಬೇಕು. ಬೆಳಗಿನ ದನಿಯ ನಡುವೆ ಸಂಜೆಯ ದನಿಯ ಒಂದೇ ಒಂದು ವಾಕ್ಯ ಬಂದರೂ ಕಿವಿ ಹಿಡಿಯುತ್ತದೆ.

ಹಿನ್ನೆಲೆ ಸಂಗೀತದ ಬಗ್ಗೆ ನಮ್ಮ ನಿಲುವು ಸ್ಪಷ್ಟ: ಅಧ್ಯಾಯ ಶುರುವಾಗುವಾಗ ಹತ್ತು ಸೆಕೆಂಡು ಇರಲಿ, ಓದಿನ ಕೆಳಗೆ ಬೇಡವೇ ಬೇಡ. ಕಿವಿ ಮಂದವಾದ ಹಿರಿಯರಿಗೆ ಸಂಗೀತದ ನಡುವೆ ವ್ಯಂಜನಗಳು ಮುಚ್ಚಿಹೋಗುತ್ತವೆ. ವೇಗ ಹೆಚ್ಚಿಸಿ ಕೇಳುವವರಿಗೆ ವೀಣೆ, ಪಿಟೀಲು ಎಲ್ಲ ಕೆದರಿದ ಸದ್ದಾಗುತ್ತವೆ. ಅದೂ ಅಲ್ಲದೆ, ಎಲ್ಲಿ ಅಳಬೇಕು ಎಂದು ಪಿಟೀಲು ಹೇಳಿಕೊಡಬೇಕಾದ ಬರಹಗಳೇ ಅಲ್ಲ ಇವು.

ಕಡತಗಳನ್ನು ಅರ್ಧರ್ಧ ಗಂಟೆಗೆ ಕತ್ತರಿಸದೆ ಅಧ್ಯಾಯದಂತೆಯೇ ಮಾಡಬೇಕು, ಪ್ರತಿಯೊಂದರ ಶುರುವಿನಲ್ಲಿ ಅಧ್ಯಾಯದ ಸಂಖ್ಯೆ ಹೇಳಬೇಕು. ಕಣ್ಣು ಕಾಣದವರಿಗೆ ಇದು ಬೇಕಾದ ಜಾಗ ಹುಡುಕುವ ಸುಲಭ ದಾರಿ. ಅವರಿಗೆ ಲಾಭವಿಲ್ಲದೆ ಪುಸ್ತಕ ಒದಗಿಸುವ ಸಂಸ್ಥೆಗಳು ಹಕ್ಕಿನಲ್ಲಿರುವ ಕೃತಿಯನ್ನೂ ಅನುಮತಿ ಕೇಳದೆ ಓದಿಸಲು ನಮ್ಮ ಕಾಯ್ದೆಯ 52ನೇ ಸೆಕ್ಷನ್ ಅವಕಾಶ ಕೊಡುತ್ತದೆ. ಇದೇ ಉದ್ದೇಶದ ಮರ್ರಾಕೆಶ್ ಒಪ್ಪಂದವನ್ನು 2014ರಲ್ಲಿ ಎಲ್ಲರಿಗಿಂತ ಮೊದಲು ಅನುಮೋದಿಸಿದ ದೇಶ ಭಾರತ. ‘ಚೋಮನ ದುಡಿ’, ‘ಸಂಸ್ಕಾರ’, ‘ಫಣಿಯಮ್ಮ’ದಂಥ ಕಾದಂಬರಿಗಳು ಪೂರ್ತಿಯಾಗಿ ಡೈಸಿ (ಕಣ್ಣು ಕಾಣದವರಿಗೆಂದೇ ಇರುವ ಆಡಿಯೊ ಪುಸ್ತಕದ ಮಾದರಿ) ರೂಪದಲ್ಲಿ ಅವರಿಗೆ ಸಿಗಲು ಕಾನೂನಿನ ಅಡ್ಡಿಯಿಲ್ಲ.

ಸಾರ್ವಜನಿಕ ಗ್ರಂಥಾಲಯ ಇಲಾಖೆ ಮತ್ತು ಕನ್ನಡ ಪುಸ್ತಕ ಪ್ರಾಧಿಕಾರಕ್ಕೆ ನಮ್ಮ ಕೋರಿಕೆ ಇಷ್ಟು. ಆಡಿಯೊ ಪುಸ್ತಕ ಕೊಳ್ಳುವಾಗ, ನೆರವು ಕೊಡುವಾಗ ಆರಂಭದಲ್ಲೇ ಐದು ಸಂಗತಿ ಹೇಳಿರಬೇಕೆಂದು ಕಡ್ಡಾಯ ಮಾಡಿ: ಲೇಖಕರ ಹೆಸರು, ಓದಿದವರ ಹೆಸರು, ಯಾವ ವರ್ಷದ ಮುದ್ರಣದಿಂದ ಓದಲಾಗಿದೆ, ಸಂಪೂರ್ಣವೋ ಸಂಕ್ಷಿಪ್ತವೋ, ಓದಿದ್ದು ಮನುಷ್ಯರೋ ಯಂತ್ರವೋ. ಮುಕ್ತವಾಗಿರುವ ತ್ರಿವೇಣಿಯವರ ಕಾದಂಬರಿಗಳಿಂದಲೇ ಇದು ಶುರುವಾಗಲಿ. ಮೊದಲ ಮುದ್ರಣಗಳ ಪ್ರತಿಗಳು ಹಳೆಯ ಗ್ರಂಥಾಲಯಗಳಲ್ಲಿ ಎಲ್ಲೆಲ್ಲಿ ಉಳಿದಿವೆ ಎಂಬ ಪಟ್ಟಿಯನ್ನು ಇಲಾಖೆ ಪ್ರಕಟಿಸಿದರೆ, ಯಾವ ಕಾದಂಬರಿ ಯಾವ ವರ್ಷ ಅಚ್ಚಾಯಿತು ಎಂಬ ಪ್ರಶ್ನೆಯೂ ಬಗೆಹರಿಯುತ್ತದೆ, ಓದುವವರಿಗೆ ತಿದ್ದದ ಪಠ್ಯವೂ ಸಿಗುತ್ತದೆ.

— ಆಡಿಯೊ ಪುಸ್ತಕಗಳ ಕೆಲಸದಲ್ಲಿರುವ ಓದುಗರು, ಮೈಸೂರು