ಮೇಸನ್ ಬಡಿಗೇರ

ಧಾರವಾಡ
ಭಾನುವಾರ ಸಂಜೆ

ಚಿರಂಜೀವಿ ತಮ್ಮಾ,

ನಿನ್ನ ಮೆಸೇಜು ನೋಡಿದೆ. ಫೋನಿನಲ್ಲಿ ಮಾತಾಡಿದರೆ ನಡುವೆ ನಿಮ್ಮಪ್ಪ ಬಾಯಿ ಹಾಕುತ್ತಾನೆ, ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಗಂಡು ಮಗು, ಹೆಸರು ಮೇಸನ್ ಎಂದು ಇಬ್ಬರೂ ಒಪ್ಪಿದ್ದೀರಿ. ಜೊತೆಗೆ ನಮ್ಮ ಅಡ್ಡಹೆಸರು ಬಡಿಗೇರ ಅನ್ನೋದನ್ನು ಕೈಬಿಟ್ಟು ನಿನ್ನ ಹೆಸರನ್ನೇ ಮಗುವಿನ ಹೆಸರಿನ ಕೊನೆಗೆ ಸೇರಿಸುವ ಯೋಚನೆ. ನಿಮ್ಮಪ್ಪನ ತಕರಾರು ಮೊದಲನೆಯದಕ್ಕೆ. ‘ನಮ್ಮ ದೇವರ ಹೆಸರೆಲ್ಲ ಖಾಲಿ ಆದವೇನು?’ ಎಂದು ಮನೆತುಂಬ ಓಡಾಡುತ್ತಿದ್ದಾನೆ. ನನ್ನ ತಕರಾರು ಎರಡನೆಯದಕ್ಕೆ.

ಮೇಸನ್ ಅಂದರೆ ಯಾರು ಗೊತ್ತಾ? ಗೌಂಡಿ. ಬೆಂಗಳೂರಿನವರು ಗಾರೆ ಮೇಸ್ತ್ರಿ ಅಂತಾರಲ್ಲ, ಅವನೇ. ಕೈಯಲ್ಲಿ ಕರಣೆ, ಜೇಬಿನಲ್ಲಿ ತೂಗುಗುಂಡು, ಕಿವಿಯ ಸಂದಿಯಲ್ಲಿ ಬೀಡಿ. ಇದನ್ನು ಹೇಳಿದ ಮೇಲೆ ನಿಮ್ಮಪ್ಪ ಅರ್ಧ ಗಂಟೆ ಸುಮ್ಮನಾದ.

ಇಂಗ್ಲೆಂಡಿನಲ್ಲೂ ಮೊದಲು ಅಡ್ಡಹೆಸರು ಅಂತ ಇರಲಿಲ್ಲ. 1066ರಲ್ಲಿ ನಾರ್ಮನ್ನರು ಬಂದರು. ಅವರ ಜೊತೆ ಫ್ರೆಂಚ್ ಮಾತೂ ಬಂತು, ದೊಡ್ಡ ದೊಡ್ಡ ಕಲ್ಲಿನ ಕೋಟೆಗಳೂ ಬಂದವು. ಮೇಸನ್ ಎಂಬ ಪದವೂ ಫ್ರೆಂಚಿನದೇ, ಕಲ್ಲು ಕೆಲಸದವನು ಎಂದು ಅರ್ಥ. ಆ ಕಾಲಕ್ಕೆ ಊರಿಗೆ ಹತ್ತು ಜನ ಜಾನ್, ಹತ್ತು ಜನ ವಿಲಿಯಂ. ತೆರಿಗೆ ಬರೆದುಕೊಳ್ಳುವವನು ಯಾವ ಜಾನ್ ಎಂದು ಬರೆಯಬೇಕು? ಹೀಗಾಗಿ ಕಲ್ಲಿನ ಜಾನ್, ಹೆಂಚಿನ ಜಾನ್, ಬಂಡಿಯ ಜಾನ್. ಹೆಂಚು ಹೊದಿಸುವವ ಟೈಲರ್ (ಬಟ್ಟೆ ಹೊಲಿಯುವ ಟೇಲರ್ ಬೇರೆ). ಬಂಡಿ ಹೊಡೆಯುವವ ಕಾರ್ಟರ್. ಪೀಪಾಯಿ ಮಾಡುವವ ಕೂಪರ್. ಸುಮಾರು 1400ರ ಹೊತ್ತಿಗೆ ಅಪ್ಪನ ಕಸುಬಿನ ಹೆಸರು ಮಗನಿಗೂ ಅಂಟಿಕೊಂಡಿತ್ತು, ಮಗ ಕಲ್ಲು ಮುಟ್ಟಲಿ ಬಿಡಲಿ. ನಮ್ಮ ಕಡೆ ಕಮ್ಮಾರ, ಕುಂಬಾರ, ಹೂಗಾರ, ಪತ್ತಾರ ಇರುವ ಹಾಗೆಯೇ. ನಾವಾದರೂ ಇನ್ನೂ ಮುಂದೆ ಹೋಗಿ ಉಳ್ಳಾಗಡ್ಡಿ, ಮೆಣಸಿನಕಾಯಿ ಅಂತ ಸಂತೆಯನ್ನೇ ಹೆಸರಿಗೆ ತಂದುಕೊಂಡವರು.

ಬಾಲದಲ್ಲಿದ್ದ ಆ ಹೆಸರು ಅಮೆರಿಕದಲ್ಲಿ ತಲೆಗೇರಿತು. ನೀನಿರುವ ದಕ್ಷಿಣದ ಕಡೆಯೇ ಈ ಪದ್ಧತಿ ಜಾಸ್ತಿ. ತಾಯಿಯ ತವರಿನ ಅಡ್ಡಹೆಸರನ್ನು ಮಗನಿಗೆ ಇಡುತ್ತಿದ್ದರು, ಆ ಮನೆತನದ ಹೆಸರು ಅಳಿಯದಿರಲಿ ಎಂದು. ವುಡ್ರೋ ವಿಲ್ಸನ್ ಅಧ್ಯಕ್ಷರಾಗಿದ್ದರಲ್ಲ, ಆ ವುಡ್ರೋ ಅವರ ತಾಯಿಯ ತವರಿನ ಹೆಸರು. ಕೆನಡಿಯವರ ಹೆಸರಿನ ನಡುವಿನ ಫಿಟ್ಜೆರಾಲ್ಡ್ ಕೂಡ ಹಾಗೆಯೇ. ದೊಡ್ಡವರ ನೆನಪಿಗೆ ಇಡುವುದು ಇನ್ನೊಂದು ದಾರಿ. ಅದು ನಮ್ಮಲ್ಲೂ ಇದೆ. ಮದ್ರಾಸಿನ ಹುಡುಗ ವಾಷಿಂಗ್ಟನ್ ಸುಂದರ್ ಚೆನ್ನಾಗಿ ಆಫ್ ಸ್ಪಿನ್ ಹಾಕುತ್ತಾನಲ್ಲ, ಅವನ ಹೆಸರು ಅಮೆರಿಕದ ಅಧ್ಯಕ್ಷರದ್ದಲ್ಲ. ಬಡತನದಲ್ಲಿ ಅವನಪ್ಪನ ಕೈ ಹಿಡಿದ ಒಬ್ಬ ನಿವೃತ್ತ ಸೈನಿಕರ ಹೆಸರದು. ಹೆಸರಿಡುವುದಾದರೆ ಹಾಗೆ ಇಡಬೇಕು ನೋಡು.

ಇನ್ನು ಮೇಸನ್. ಅಲ್ಲಿನ ಸೋಷಿಯಲ್ ಸೆಕ್ಯುರಿಟಿ ಆಫೀಸಿನವರು 1880ರಿಂದ ಆಚೆಗಿನ ಹೆಸರುಗಳ ಪಟ್ಟಿಯನ್ನೇ ಇಟ್ಟಿದ್ದಾರೆ. ಕೂತು ನೋಡಿದೆ, ನಿವೃತ್ತನಿಗೆ ಬೇರೆ ಕೆಲಸವೇನು? 2009ರ ಡಿಸೆಂಬರಿನಲ್ಲಿ ಟಿವಿಯ ಕರ್ದಾಶಿಯನ್ ಮನೆಯಲ್ಲಿ ಒಂದು ಗಂಡು ಮಗು ಹುಟ್ಟಿತು, ಮೇಸನ್ ಅಂತ ಇಟ್ಟರು. 2011ರಲ್ಲಿ ಆ ಹೆಸರು ಇಡೀ ದೇಶಕ್ಕೆ ಎರಡನೆಯದು. 2012ರಲ್ಲೂ ಎರಡನೆಯದೇ. ಮುಂದೆ ಮೆಲ್ಲಗೆ ಇಳಿಯುತ್ತಾ 2020ರಲ್ಲಿ ಮೊದಲ ಹತ್ತರಿಂದಲೇ ಹೊರಗೆ ಬಿತ್ತು. ಅಂದರೆ ನಿನಗೆ ಹೊಸದಾಗಿ ಕಾಣುವ ಈ ಹೆಸರಿನ ಹುಡುಗರು ಅಲ್ಲಿ ಆಗಲೇ ಮೀಸೆ ತಿರುವುತ್ತಿದ್ದಾರೆ. ಅದೇನೂ ದೋಷವಲ್ಲ. ನಮ್ಮ ಕಾಲದಲ್ಲಿ ಕ್ಲಾಸಿಗೆ ಐದು ಜನ ಮಂಜುನಾಥ ಇರುತ್ತಿದ್ದರು, ಯಾರೂ ಸತ್ತಿಲ್ಲ.

ಈಗ ನನ್ನ ಮಾತಿಗೆ ಬರುತ್ತೇನೆ.

ನಾನು ಬಡಿಗೇರ ತೆಗೆಸಿದ್ದು 1981ರಲ್ಲಿ. ಬೆಂಗಳೂರಿನ ಬ್ಯಾಂಕಿನಲ್ಲಿ ಆಗಷ್ಟೇ ಕೆಲಸ ಸಿಕ್ಕಿತ್ತು. ಬಾಡಿಗೆ ಮನೆ ಕೇಳಲು ಹೋದೆ. ಯಜಮಾನರು ಹೆಸರು ಕೇಳಿದರು, ಪೂರ್ತಿ ಹೇಳಿದೆ. ‘ಓಹೋ, ಮರಗೆಲಸದವರಾ? ಈ ಬಾಗಿಲು ಸ್ವಲ್ಪ ಬಿಗಿ, ನೋಡ್ತೀರಾ?’ ಅಂದರು. ತಮಾಷೆಗೇ ಅಂದಿರಬಹುದು. ನನಗೆ ನಗು ಬರಲಿಲ್ಲ. ಮರುತಿಂಗಳೇ ಅಫಿಡವಿಟ್ ಮಾಡಿಸಿದೆ. ಊರಿನದೊಂದು ಅಕ್ಷರ, ಅಪ್ಪನದೊಂದು ಅಕ್ಷರ, ಆಮೇಲೆ ನಾನು. ಹಳೇ ಮೈಸೂರಿನವರ ಹಾಗೆ ಚೊಕ್ಕಟ. ಬಾಗಿಲು ಮಾತ್ರ ನಿಜವಾಗಿಯೂ ಬಿಗಿಯೇ ಇತ್ತು. ನಿಮ್ಮ ಮುತ್ತಜ್ಜನಿಗೆ ಅದು ಎರಡು ನಿಮಿಷದ ಕೆಲಸ.

ಆಮೇಲೆ ಏನಾಯಿತು ಕೇಳು. ಊರ ಹೊಲದ ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ನಾನು ಬಡಿಗೇರ, ಬ್ಯಾಂಕಿನಲ್ಲಿ ಅಲ್ಲ. ಪಾಲಾಗುವಾಗ ಇವೆರಡೂ ಹೆಸರು ಒಬ್ಬನದೇ ಎಂದು ಇನ್ನೊಂದು ಅಫಿಡವಿಟ್ ಮಾಡಿಸಿ, ಒಂದು ಕಚೇರಿಗೆ ಹನ್ನೊಂದು ಸಲ ಅಲೆದೆ. ನನ್ನ ಮಗಳದ್ದು ಇನ್ನೂ ಚಂದ. ಅವಳ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ. ವೀಸಾದಲ್ಲಿ ಅವಳ ಹೆಸರನ್ನೇ ಕೊನೆಗೆ ತಳ್ಳಿ, ಮೊದಲ ಹೆಸರಿನ ಜಾಗದಲ್ಲಿ ಎಫ್‌ಎನ್‌ಯು ಅಂತ ಮುದ್ರಿಸಿದರು. ಫಸ್ಟ್ ನೇಮ್ ಅನ್‌ನೋನ್, ಮೊದಲ ಹೆಸರು ಗೊತ್ತಿಲ್ಲ ಎಂಬುದಕ್ಕೆ ಮೂರಕ್ಷರದ ಗುರುತು. ನ್ಯೂಜೆರ್ಸಿಯಲ್ಲಿ ಅವಳಿಗೆ ಕರೆಂಟ್ ಬಿಲ್ಲು ಬರುವುದು ‘ಪ್ರಿಯ ಫ್ನು’ ಎಂದು. ಹಡೆದವರು ಹುಡುಕಿ ಹುಡುಕಿ ಇಟ್ಟ ಹೆಸರು!

ನಿನ್ನ ಕಷ್ಟವೂ ಗೊತ್ತು. ಆಫೀಸಿನಲ್ಲಿ ಬ್ಯಾಡ್-ಈಗರ್ ಅಂತಾರೆ ಎಂದೆಯಲ್ಲ, ಅದನ್ನು ಓದಿ ನಾನೂ ನಕ್ಕೆ. ಆದರೆ ಒಂದು ಹೇಳು. ಅಲ್ಲಿ ರೈಟ್ ಎಂಬ ಅಡ್ಡಹೆಸರಿದೆ. ಹಳೆಯ ಇಂಗ್ಲಿಷಿನಲ್ಲಿ ಕೆಲಸಗಾರ, ಅದರಲ್ಲೂ ಮರದ ಕೆಲಸದವ ಎಂದೇ ಅದರ ಅರ್ಥ. 1903ರಲ್ಲಿ ವಿಮಾನ ಹಾರಿಸಿದ ಆ ಅಣ್ಣತಮ್ಮಂದಿರು ನಮ್ಮ ಲೆಕ್ಕದಲ್ಲಿ ಬಡಿಗೇರರೇ. ಅವರ ಕಸುಬಿನ ಹೆಸರು ಮಗುವಿಗೆ ಒಪ್ಪುತ್ತದೆ, ನಮ್ಮದು ಒಪ್ಪುವುದಿಲ್ಲ ಅಂದರೆ ಹೇಗೆ, ಅಲ್ವಾ?

ನಿನಗೆ ನೆನಪಿಲ್ಲ, ನೀನು ಹುಟ್ಟುವ ಮೊದಲೇ ಮುತ್ತಜ್ಜ ಹೋದರು. ನವಲಗುಂದದ ಕಡೆಯ ಎರೆ ಹೊಲಗಳಿಗೆ ಬೇಕಾದ ಕೂರಿಗೆ, ಕುಂಟೆ, ಬಂಡಿ ಗಾಲಿ ಎಲ್ಲ ಅವರ ಕೈಯಿಂದಲೇ. ದುಡ್ಡು ತಗೊಳ್ಳುತ್ತಿರಲಿಲ್ಲ. ಸುಗ್ಗಿಯಲ್ಲಿ ಕಣಕ್ಕೆ ಹೋಗಿ ಚೀಲ ಹಿಡಿದರೆ ರೈತರು ಜೋಳ ಅಳೆದು ಹಾಕುತ್ತಿದ್ದರು, ಅದು ಆಯ. ಕೂರಿಗೆಯ ತೂತುಗಳನ್ನು ಕೊರೆಯುವಾಗ ಒಂದು ಕಣ್ಣು ಮುಚ್ಚಿ, ಬಾಯಿ ಸ್ವಲ್ಪ ಸೊಟ್ಟ ಮಾಡುತ್ತಿದ್ದರು. ನೀನು ಲ್ಯಾಪ್‌ಟಾಪಿನ ಮುಂದೆ ಕೂತಾಗ ಅದೇ ಬಾಯಿ, ಹೋದ ದೀಪಾವಳಿಗೆ ನೋಡಿದೆ.

ಮೇಸನ್ ಇಡು. ಹಿಂದೆ ಬಡಿಗೇರ ಇರಲಿ. ಗೌಂಡಿ ಒಬ್ಬ, ಬಡಿಗೇರ ಒಬ್ಬ, ಒಂದೇ ಹುಡುಗನ ಹೆಸರಿನಲ್ಲಿ ಮನೆಯೇ ಎದ್ದು ನಿಲ್ಲುತ್ತದೆ. ನಿಮ್ಮಪ್ಪನನ್ನು ನಾನು ನೋಡಿಕೊಳ್ಳುತ್ತೇನೆ. ಆಸ್ಪತ್ರೆಯಲ್ಲೇ ಫಾರ್ಮು ತುಂಬಿಸಿಕೊಳ್ಳುತ್ತಾರಂತೆ, ಆ ನಿದ್ದೆಗಣ್ಣಿನಲ್ಲಿ ಬರೆಯಬೇಡ, ಮೊದಲೇ ಒಂದು ಚೀಟಿಯಲ್ಲಿ ಬರೆದಿಟ್ಟುಕೋ. ಕೊನೆಯಲ್ಲಿ ಆರ್ ಆದ ಮೇಲೆ ಎ ಸೇರಿಸಬೇಕೋ ಬೇಡವೋ, ನಿನ್ನ ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೆಯೇ ಬರೆ.

ತೊಟ್ಟಿಲಿಗೆ ಹಾಕುವ ದಿನ ಸೋದರತ್ತೆ ಬೇಕಲ್ಲ, ನ್ಯೂಜೆರ್ಸಿಯಿಂದ ಫ್ನು ಬರುತ್ತಾಳೆ, ಟಿಕೆಟ್ ನೋಡುತ್ತಿದ್ದಾಳೆ. ಕಿವಿಯಲ್ಲಿ ಕುರ್ರ್ ಅಂದು ಹೆಸರು ಹೇಳುವಾಗ ಬೆನ್ನಿಗೆ ಗುದ್ದುವುದು ಪದ್ಧತಿ. ಮೆಲ್ಲಗೆ ಗುದ್ದಿರಿ, ಅವಳಿಗೆ ಸೊಂಟ ನೋವಿದೆ.

ನಿನ್ನ
ದೊಡ್ಡಪ್ಪ