ಐವತ್ತು ರೂಪಾಯಿಯ ರಸೀದಿ: ಕೇಂದ್ರ ಪಶುಸಂಗೋಪನಾ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರೇ,

ಹನ್ನೊಂದು ವರ್ಷಗಳಿಂದ ಪ್ರಾಣಿಗಳ ಆಶ್ರಯಧಾಮವೊಂದರಲ್ಲಿ ಗಾಯ ತೊಳೆಯುವ, ಪಟ್ಟಿ ಕಟ್ಟುವ, ಉಳಿಯದವನ್ನು ಹೂಳುವ ಕೆಲಸ ಮಾಡುತ್ತಿದ್ದೇನೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ತಮಗೆ ಗೊತ್ತಿರುವುದೇ. ಮೊದಲ ಅಪರಾಧಕ್ಕೆ ಗರಿಷ್ಠ ದಂಡ 50 ರೂಪಾಯಿ. ಇದನ್ನು ಬದಲಿಸುವ ತಿದ್ದುಪಡಿ ಮಸೂದೆಯನ್ನು ಸಂಸತ್ತಿನಲ್ಲಿ ಮಂಡಿಸಿ ಎಂದು ಕೇಳಲು ಈ ಪತ್ರ.

ಕಳೆದ ಮಳೆಗಾಲದಲ್ಲಿ ನಮ್ಮಲ್ಲಿಗೆ ಒಂದು ಹೆಣ್ಣು ನಾಯಿ ಬಂತು. ಸಾಕಿದವನೇ ಅದರ ಬೆನ್ನಿಗೆ ಕುದಿಯುವ ನೀರು ಸುರಿದಿದ್ದ. ಭುಜದಿಂದ ಬಾಲದ ಬುಡದವರೆಗೆ ಚರ್ಮ ಸುಲಿದಿತ್ತು. ಬಕೆಟ್ಟಿನ ಸದ್ದು ಕೇಳಿದರೆ ಸಾಕು, ಮೂಲೆ ಸೇರಿ ನಿಂತಲ್ಲೇ ಉಚ್ಚೆ ಹೊಯ್ದುಕೊಳ್ಳುತ್ತಿದ್ದುದರಿಂದ ನಾವು ಅದರ ಗೂಡಿನ ಬಳಿ ಬಕೆಟ್ಟು ಒಯ್ಯುವುದನ್ನೇ ಬಿಟ್ಟು, ಒದ್ದೆ ಬಟ್ಟೆಯಿಂದ ನೆಲ ಒರೆಸುತ್ತಿದ್ದೆವು. ನಲವತ್ತಮೂರನೆಯ ದಿನ ಆ ಮನುಷ್ಯ ತಪ್ಪೊಪ್ಪಿಕೊಂಡು, ದಂಡ ಕಟ್ಟಿ, ರಸೀದಿ ಹಿಡಿದು ನಮ್ಮ ಗೇಟಿಗೆ ಬಂದು ‘ನನ್ನ ನಾಯಿ ಕೊಡಿ’ ಎಂದ. ಮಾಲೀಕನಿಗೆ ಹಿಂದೆ ಇದೇ ಕಾಯ್ದೆಯಡಿ ಆದ ಶಿಕ್ಷೆ, ಅವನ ನಡತೆ ಅಥವಾ ಪ್ರಾಣಿಯನ್ನು ನಡೆಸಿಕೊಂಡ ರೀತಿಯ ಸಾಕ್ಷ್ಯದಿಂದ, ಅದು ಮತ್ತೆ ಹಿಂಸೆಗೆ ಒಳಗಾಗುವ ಸಂಭವವಿದೆ ಎಂದು ತೋರಿಸಿದರೆ ಮಾತ್ರ 29ನೇ ಸೆಕ್ಷನ್ ಪ್ರಕಾರ ನ್ಯಾಯಾಲಯ ಪ್ರಾಣಿಯನ್ನು ಅವನಿಂದ ಬಿಡಿಸಬಹುದು. ಅವನದು ಮೊದಲ ಅಪರಾಧ. ಹೊಸ ಚರ್ಮ ಆಗಷ್ಟೇ ಕೂಡುತ್ತಿದ್ದ ಆ ನಾಯಿಯ ಕೊರಳಿಗೆ ನಾನೇ ಹಗ್ಗ ಹಾಕಿ ಅವನ ಕೈಗೆ ಕೊಟ್ಟೆ.

ಭಾರತೀಯ ನ್ಯಾಯ ಸಂಹಿತೆಯ 325ನೇ ಸೆಕ್ಷನ್‌ನಲ್ಲಿ ಐದು ವರ್ಷಗಳವರೆಗೆ ಜೈಲು ಇದೆಯಲ್ಲ ಎಂದು ತಮ್ಮ ಅಧಿಕಾರಿಗಳು ಹೇಳಬಹುದು. ಅದು ಪ್ರಾಣಿಯನ್ನು ಕೊಂದಾಗ, ಊನಗೊಳಿಸಿದಾಗ. ಗಾಯ ಮಾಯುತ್ತಿದೆ, ಕಾಲು ನೆಟ್ಟಗಿವೆ, ಆದ್ದರಿಂದ ಅದು ಅನ್ವಯಿಸದು ಎಂದು ನಮಗೆ ಉತ್ತರ ಬಂತು. ಚೆನ್ನಾಗಿ ಶುಶ್ರೂಷೆ ಮಾಡಿದ್ದೇ ನಮ್ಮ ತಪ್ಪಾಯಿತೇ?

2014ರ ಮೇ ತಿಂಗಳಲ್ಲಿ ಜಲ್ಲಿಕಟ್ಟು ಪ್ರಕರಣದ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಸಂಸತ್ತು ಈ ಕಾಯ್ದೆಗೆ ತಿದ್ದುಪಡಿ ತಂದು ಸಾಕಷ್ಟು ಶಿಕ್ಷೆಯನ್ನು ವಿಧಿಸಬೇಕೆಂದು ನಿರೀಕ್ಷಿಸಿತ್ತು. 2022ರ ನವೆಂಬರ್‌ನಲ್ಲಿ ತಮ್ಮ ಸಚಿವಾಲಯವೇ ಕರಡು ಪ್ರಕಟಿಸಿ ಅಭಿಪ್ರಾಯ ಕೇಳಿದಾಗ, ನಾವು ರಾತ್ರಿ ಪಾಳಿ ಮುಗಿಸಿ ಕುಳಿತು ಬರೆದು ಕಳಿಸಿದೆವು. ಅದು ಇನ್ನೂ ಕಾಯ್ದೆಯಾಗಿಲ್ಲ. ಪ್ರತಿ ಜನವರಿಯಲ್ಲಿ ಪ್ರಾಣಿ ಕಲ್ಯಾಣ ಪಾಕ್ಷಿಕ ಮಾತ್ರ ತಪ್ಪದೆ ಬರುತ್ತದೆ, ಭಿತ್ತಿಪತ್ರಗಳೂ ಬರುತ್ತವೆ. ನಮಗೆ ಭಿತ್ತಿಪತ್ರ ಬೇಡ. ಮಸೂದೆಯನ್ನು ಮಂಡಿಸಿ. ಹಿಂಸಿಸಿದವನ ಕೈಗೇ ಪ್ರಾಣಿಯನ್ನು ಒಪ್ಪಿಸುವ 29ನೇ ಸೆಕ್ಷನ್ನನ್ನೂ ಬದಲಿಸಿ. ಬರುವ ಅಧಿವೇಶನದಲ್ಲೇ ಮಂಡಿಸಿ.

ಆ ನಾಯಿಯ ಗೂಡಿನಲ್ಲಿ ಈಗ ಬೇರೊಂದು ನಾಯಿ ಇದೆ. ಅದರ ಮಾಲೀಕನ ಪ್ರಕರಣ ಮುಂದಿನ ವಾರ ವಿಚಾರಣೆಗೆ ಬರಲಿದೆ.

ಇತಿ,
ಆಶ್ರಯಧಾಮದ ಒಬ್ಬ ಕೆಲಸಗಾರ್ತಿ